ಕೆಂಪಿ ಒಪ್ಪಿದ ಕೆಲಸ

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದ ಮರುವರ್ಷದ ಮಾತು. ಆಗ ನಾನು ರಾಮನಗರದ ಒಂದು ತರಬೇತಿ ಕೇಂದ್ರದಲ್ಲಿ ಪ್ಲೇಸ್‌ಮೆಂಟ್ ಆಫೀಸರ್. ಕೋರ್ಸ್ ಮುಗಿಸಿದವರಿಗೆ ಕೆಲಸ ಹುಡುಕಿಕೊಡುವುದು, ಸೇರಿದವರು ಅಲ್ಲೇ ನಿಂತರೋ ಇಲ್ಲವೋ ಎಂದು ವಿಚಾರಿಸುವುದು ನನ್ನ ಜವಾಬ್ದಾರಿ. ಯಾರು ನಿಲ್ಲುತ್ತಾರೆ, ಯಾರು ಬಿಡುತ್ತಾರೆ ಎಂದು ಮುಖ ನೋಡಿಯೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಅದನ್ನು ಇಳಿಸಿದವಳು ಸವಿತಾ.

ಸವಿತಾ ಮಾಗಡಿ ಹತ್ತಿರದ ಹಳ್ಳಿಯವಳು, ಮೂವತ್ತು ದಾಟಿರಲಿಲ್ಲ. ನಮ್ಮಲ್ಲಿ ಆರು ತಿಂಗಳು ಮರದ ಗೊಂಬೆಗೆ ಅರಗಿನ ಬಣ್ಣ ಹಚ್ಚುವುದನ್ನು ಕಲಿತಳು. ಹಚ್ಚುವುದರಲ್ಲಿ ಸುಮಾರು. ಆದರೆ ಗೊಂಬೆಯ ಮೇಲೆ ಬೆರಳಾಡಿಸಿ, ನಮ್ಮ ಕಣ್ಣಿಗೇ ಕಾಣದ ಸಿಬಿರನ್ನು ಹಿಡಿದುಬಿಡುತ್ತಿದ್ದಳು. ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯವರು ಅದನ್ನು ನೋಡಿ, ಫಿನಿಶಿಂಗ್ ಚೆಕ್ಕರ್ ಆಗಿ ಬಾ ಎಂದು ಕರೆದರು. ಗೊಂಬೆ ಮಗುವಿನ ಕೈಗೆ ಹೋಗುವ ಮುಂಚೆ ಸವರಿ ನೋಡಿ ಪಾಸ್ ಮಾಡುವ ಕೆಲಸ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆ. ಸೋಮವಾರದೊಳಗೆ ಉತ್ತರ ಬೇಕು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ಅವಳ ಜೀವನದ ಮೊದಲ ನೌಕರಿ ಅದು. ಕಾಗದವನ್ನು ಮೂರು ಸಲ ಓದಿದಳು. ಓದಿ, "ದೂರ ಆಯ್ತದೆ ಮೇಡಂ" ಎಂದಳು.

ದೂರ ನಿಜವೇ. ಮಾಗಡಿಗೆ ರೈಲಿಲ್ಲ. ಊರಿಂದ ಮಾಗಡಿ, ಅಲ್ಲಿಂದ ರಾಮನಗರ, ಆಮೇಲೆ ಚನ್ನಪಟ್ಟಣ. ಮೂರು ಬಸ್ಸು, ಒಂದು ಕಡೆಗೇ ಎರಡೂಕಾಲು ಗಂಟೆ. ನಮ್ಮ ಕ್ಲಾಸು ಮಧ್ಯಾಹ್ನ ಎರಡಕ್ಕೇ ಮುಗಿಯುತ್ತಿದ್ದರಿಂದ ಅದುವರೆಗೆ ನಡೆದಿತ್ತು. ಆದರೂ ಅವಳ ಮುಖದಲ್ಲಿದ್ದದ್ದು ಬಸ್ಸಿನ ಭಯವಲ್ಲ ಎನಿಸಿತು. ನಾನೋ, ಒಂದು ವಿಷಯ ತಲೆಗೆ ಹೊಕ್ಕರೆ ಬಿಡುವವಳಲ್ಲ. ಕಾರ್ಖಾನೆ ತೋರಿಸುವ ನೆಪ ಮಾಡಿ ಶುಕ್ರವಾರ ಅವಳೊಂದಿಗೆ ಚನ್ನಪಟ್ಟಣಕ್ಕೆ ಹೊರಟೆ. ಸಂಜೆ ಅವಳ ಊರಿನವರೆಗೂ ಹೋಗುವುದೆಂದೇ ತೀರ್ಮಾನಿಸಿದ್ದೆ.

ಬೆಳಿಗ್ಗೆ ಅವಳು ಲವಲವಿಕೆಯಿಂದಲೇ ಇದ್ದಳು. ಕಾರ್ಖಾನೆಯಲ್ಲಿ ಹತ್ತು ಗೊಂಬೆ ಕೊಟ್ಟರೆ ಮೂರನ್ನು ಪಕ್ಕಕ್ಕಿಟ್ಟಳು. ಸಂಜೆ ವಾಪಸು ಬರುವಾಗ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಚಡಪಡಿಕೆ ಶುರುವಾಯಿತು. ನಿಮಿಷಕ್ಕೊಮ್ಮೆ ಫೋನಿನಲ್ಲಿ ಟೈಮು ನೋಡುವುದು, ಮಾಗಡಿ ಬಸ್ಸಿನ ದಾರಿ ನೋಡುವುದು. ಗಂಡ ಅನುಮಾನದವನಿರಬೇಕೆಂದು ನಾನು ತೀರ್ಪು ಕೊಟ್ಟೇಬಿಟ್ಟೆ. ನೇರವಾಗಿ ಕೇಳಿದರೆ ಅವಳಿಗೆ ನಗು ಬಂತು.

"ಅವ್ರಲ್ಲ ಮೇಡಂ, ಕೆಂಪಿ. ನಾನ್ ಕುಂತ್ಕೊಂಡು ಕರೀದಿದ್ರೆ ಹಾಲು ಕೊಡಕಿಲ್ಲ."

ಕೆಂಪಿ ಅವರ ಮನೆಯ ಜರ್ಸಿ ಹಸು. ಬೆಳಿಗ್ಗೆ ಬೇಗ ಕರೆದು ಬಸ್ಸು ಹಿಡಿಯಬಹುದು, ತಾಪತ್ರಯವಿದ್ದದ್ದು ಸಂಜೆಯ ಹಾಲಿನದು. ನಾವು ಮನೆ ಮುಟ್ಟಿದ್ದು ಏಳೂಮುಕ್ಕಾಲಿಗೆ. ಊರಿನ ಡೇರಿಯಲ್ಲಿ ಹಾಲು ಹಾಕಿಸಿಕೊಳ್ಳುವುದು ಏಳಕ್ಕೇ ಮುಗಿದಿತ್ತು. ಕೆಂಪಿಯ ಕೆಚ್ಚಲು ಬಿಗಿದು, ಕೂಗಿ ಕೂಗಿ ಗಂಟಲು ಒಡೆದಿತ್ತು. ಗಂಡ ನಾಗರಾಜ ಕರೆಯಲು ಹೋಗಿ ಒದೆ ತಿಂದು ಮೊಣಕಾಲು ಉಜ್ಜುತ್ತಾ ಕೂತಿದ್ದ. ಅತ್ತೆಗೆ ಮಣಿಕಟ್ಟಿನ ನೋವು, ಹಿಂಡಲಾಗುವುದಿಲ್ಲ. ಸವಿತಾ ಬ್ಯಾಗು ಬಿಸಾಕಿ, ನೈಟಿ ಹಾಕಿಕೊಂಡು ಬಂದು ಕೂತಳು. ಹಾಲು ಸುರಿಯಿತು. "ನೋಡುದ್ರಾ ಮೇಡಂ?" ಎಂದಳು. ದನಿಯಲ್ಲಿ ಬೇಸರದ ಜೊತೆ ಒಂದಿಷ್ಟು ಹೆಮ್ಮೆಯೂ ಇತ್ತು.

ಅವತ್ತು ಅಲ್ಲೇ ಉಳಿದೆ. ಊಟಕ್ಕೆ ಕೂತಾಗ ಅತ್ತೆ, ಮುದ್ದೆ ಮುರಿಯುತ್ತಾ, ಮಗನಿಗೆ ಹೇಳಿದರು: "ಅವ್ಳ ನೈಟಿ ಹಾಕ್ಕೊಂಡು ಕುಂತ್ಕೊ ಕಣ್ಲಾ. ಅದು ಮೊಖ ನೋಡಕಿಲ್ಲ, ವಾಸ್ನೆ ನೋಡ್ತದೆ."

ನನಗೆ ನಗು ತಡೆಯಲಾಗಲಿಲ್ಲ. ನಾಗರಾಜನ ಮುಖ ಕೆಂಪಾಯಿತು. ಊರೊಳಗೆ ತಲೆ ಎತ್ತಿ ತಿರುಗುವುದು ಬೇಡವೇ ಎಂದು ರೇಗಿ, ಅರ್ಧ ಊಟಕ್ಕೇ ಎದ್ದು ಹೋದ. ನಕ್ಕು ಕೆಡಿಸಿದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಮಾರನೆಯ ದಿನ ಎರಡನೇ ಶನಿವಾರ, ನನಗೆ ರಜೆ. ಸಂಜೆ ಆರಕ್ಕೆ, ಯಾರೂ ಹೇಳದೆಯೇ, ನಾಗರಾಜ ಹಿಂದಿನ ದಿನದ ಹೂವಿನ ನೈಟಿಯನ್ನು ಪ್ಯಾಂಟಿನ ಮೇಲೆ ಏರಿಸಿಕೊಂಡು ಕೊಟ್ಟಿಗೆಗೆ ನಡೆದ. ಡೇರಿಗೆ ಹೊರಟಿದ್ದ ಪಕ್ಕದ ಮನೆಯವನು ಕ್ಯಾನು ಕೆಳಗಿಟ್ಟು ಬಿದ್ದು ಬಿದ್ದು ನಕ್ಕ. ನಾಗರಾಜ ತಿರುಗಿ ನೋಡಲಿಲ್ಲ. ಸವಿತಾಳನ್ನು ಹಸುವಿಗೆ ಕಾಣದಂತೆ ಗೋಡೆಯಾಚೆ ನಿಲ್ಲಿಸಿಕೊಂಡು ನಾನು ಇಣುಕಿದೆ. ಕೆಂಪಿ ಅವನ ತೋಳನ್ನು ಮೂಸಿತು, ಮತ್ತೆ ಮೂಸಿತು. ಒಂದು ಸಲ ಕಾಲೆತ್ತಿ, ಹಾಗೇ ಇಳಿಸಿತು. ಆಮೇಲೆ ಬಕೆಟ್ಟಿಗೆ ಹಾಲು ಬೀಳುವ ಸದ್ದು ಕೇಳಿಸಿತು.

ನನಗೋ ಖುಷಿಯೋ ಖುಷಿ. ಸವಿತಾಳ ಕಡೆ ತಿರುಗಿದರೆ ಅವಳ ಕಣ್ಣು ತುಂಬಿತ್ತು.

"ಇಷ್ಟು ವರ್ಸ ನನ್ ಕೈಯೇ ಬೇಕು ಅಂದ್ಕೊಂಡಿದ್ದೆ ಮೇಡಂ. ನೈಟಿ ಸಾಕಾಗಿತ್ತು."

ಶಹಬಾಸ್ ಎಂದು ಬೆನ್ನು ತಟ್ಟಲು ಎತ್ತಿದ್ದ ಕೈಯನ್ನು ಇಳಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು, "ಬತ್ತೀನಿ ಅಂತ ಹೇಳ್ಬುಡಿ" ಎಂದಳು.

ಸೇರಿದಳು, ಇಂದಿಗೂ ಅಲ್ಲೇ ಇದ್ದಾಳೆ. ಆಮೇಲೆ ಯಾರೇ ಬಂದು ಕೆಲಸ ದೂರ ಎಂದರೂ ನಾನು ಕಿಲೋಮೀಟರು ಕೇಳಲಿಲ್ಲ. ನೀವಿಲ್ಲದಿದ್ದರೆ ಮನೆಯಲ್ಲಿ ಏನು ನಿಲ್ಲುತ್ತದೆ ಎಂದು ಕೇಳಿದೆ. ಅದಕ್ಕೊಂದು ದಾರಿ ಹೆಚ್ಚು ಕಡಿಮೆ ಸಿಕ್ಕೇ ಸಿಗುತ್ತದೆ. ಸಿಕ್ಕ ಮೇಲೆ ಮಾತ್ರ ಶಹಬಾಸ್ ಎನ್ನಲು ಅವಸರ ಮಾಡಬಾರದು, ಸ್ವಲ್ಪ ಹೊತ್ತು ಸುಮ್ಮನಿರಬೇಕು. ತಾನಿಲ್ಲದೆಯೂ ನಡೆಯುತ್ತದೆ ಎನ್ನುವುದು ಎಂಥವರಿಗೂ ಸುಲಭದ ಸುದ್ದಿಯಲ್ಲ.