ಗಂಗೆಪೂಜೆಗೆ ಕರೆದವರು

ಓನರಮ್ಮನ ಎಡಗಣ್ಣಿನ ಮೇಲೆ ತೆಳುವಾದ ಪೊರೆಯಿತ್ತು, ಬೆಳಗಿನ ಕೆರೆಯ ಮೇಲಿನ ಮಂಜಿನ ಹಾಗೆ. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ, "ಈ ಕಣ್ಣಲ್ಲಿ ನಮ್ ಕೋಗಿಲು ಇನ್ನೂ ಅಳ್ಳಿಯಂಗೇ ಕಾಣ್ತದೆ, ಇರ್ಲಿ ಬಿಡವ್ವ" ಎನ್ನುತ್ತಿದ್ದರು.

ನಗರದ ಅಂಚಿನ ಕೋಗಿಲಿನಲ್ಲಿ ನಾವು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಸಂಜೆ ನನ್ನನ್ನು ಕೆರೆ ಏರಿಯ ಮೇಲೆ ಕರೆದೊಯ್ಯುವರು. ಅಪಾರ್ಟ್‌ಮೆಂಟುಗಳ ದೀಪ ನೀರಿನಲ್ಲಿ ಕದಡುವ ಹೊತ್ತಿಗೆ, ಇಲ್ಲಿ ರಾಗಿ, ಅಲ್ಲಿ ಹುರುಳಿ ಎಂದು ಕಟ್ಟಡಗಳತ್ತ ಕೈ ತೋರುವರು. ಆ ಬೆಳೆಯ ನಡುವೆಯೇ ನಡೆಯುತ್ತಿದ್ದೇವೆ ಎಂದು ನನಗೂ ಅನ್ನಿಸುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವರ ಮೈದುನ, ತಾವು ಕಟ್ಟಿಸುತ್ತಿದ್ದ ಕಟ್ಟಡದ ಪಾಯದ ಮಣ್ಣನ್ನು ಕೆರೆಗೆ ನೀರು ತರುವ ರಾಜಕಾಲುವೆಗೆ ಸುರಿಸಿದರು. ಮಳೆ ಬಂದಾಗ ನೀರು ನಮ್ಮ ಬೀದಿಗೆ ತಿರುಗಿ ಕೆಳಮನೆಗಳಿಗೆಲ್ಲ ನುಗ್ಗಿತು. ಬೀದಿಯವರೆಲ್ಲ ವಾರ್ಡ್ ಕಚೇರಿಗೆ ಅರ್ಜಿ ಮೇಲೆ ಅರ್ಜಿ ಕೊಟ್ಟೆವು. ಯಾರೂ ಬರಲಿಲ್ಲ.

ಓನರಮ್ಮ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ವಾರ್ಡ್ ಎಂಜಿನಿಯರ ಮೇಜಿನ ಮುಂದೆ ನಿಂತರು, ಮದುವೆಗೆ ಕರೆಯುವವರ ಹಾಗೆ. "ಶುಕ್ರವಾರ ಗಂಗೆಪೂಜೆ ಮಡ್ಗಿದೀವಿ ಸ್ವಾಮಿ. ನೀವ್ ಬರ್ಬೇಕು." ತಾಂಬೂಲ ಕೈಗೆ ಬಂದ ಮೇಲೆ ಇಲ್ಲವೆನ್ನಲು ಅವರಿಗಾಗಲಿಲ್ಲ.

ಶುಕ್ರವಾರ ಓನರಮ್ಮ ಎಂಜಿನಿಯರನ್ನು ಕೆರೆಗೆ ಕರೆದೊಯ್ಯಲಿಲ್ಲ. ಕಾಲುವೆಯ ಮಣ್ಣಿನ ಗುಡ್ಡೆಯ ಮುಂದೆ ತಟ್ಟೆ ಇಟ್ಟರು.

"ಪೂಜೆ ಎಲ್ಲಿ ತಾಯಿ?"

"ಇಲ್ಲೇ. ಗಂಗಮ್ಮ ಇದ್ರಡೀಲವ್ಳೆ. ಮಣ್ಣ್ ತೆಗ್ಸಿ, ಮಾಡಾಣ."

ಯಾರೋ ನಕ್ಕರು. ಎಂಜಿನಿಯರು ನಗಲಿಲ್ಲ. "ಯಾರ್ದ್ರೀ ಈ ಮಣ್ಣು?" ಎಂದರು. ಸುತ್ತ ನಿಂತಿದ್ದವರಲ್ಲಿ ನೆಂಟರೇ ಹೆಚ್ಚು. ಎಲ್ಲರೂ ನೆಲ ನೋಡಿದರು.

"ನಮ್ ಮೈದುನಂದು. ಅಗೋ, ನಿಂತವ್ನಲ್ಲ. ಬರ್ಕಳಿ," ಎಂದರು ಓನರಮ್ಮ.

"ಮನೆ ಮಾನ ಬೀದಿಗ್ ತಂದ್ರಲ್ಲ ಅತ್ತಿಗೆ!" ಮೈದುನ ಕೂಗಿದರು.

"ಮಾನ ಬೀದಿಗ್ ಈಗ್ ಬಂತು. ನೀರು ಆವಾಗ್ಲೇ ಬಂದಿತ್ತು ಕಣಪ್ಪ."

ಜೆಸಿಬಿ ಬಂತು, ಕಾಲುವೆ ತೆರೆಯಿತು. ಆದರೆ ಮೈದುನನ ಮಗಳ ಮದುವೆಗೆ ಓನರಮ್ಮನನ್ನು ಯಾರೂ ಕರೆಯಲಿಲ್ಲ. ಚಪ್ಪರದ ವಾಲಗ ನಮ್ಮ ಮನೆಗೇ ಕೇಳುತ್ತಿತ್ತು. ಅವರು ರೇಷ್ಮೆ ಸೀರೆ ಉಟ್ಟು ಜಗುಲಿಯಲ್ಲಿ ಕೂತಿದ್ದರು. "ನಾನ್ ಎತ್ತಾಡ್ಸಿದ್ ಕೂಸು ಕಣವ್ವ" ಎಂದರು. ಗಟ್ಟಿಮೇಳ ಕೇಳಿದ್ದೇ ಎದ್ದು ನಿಂತು, ಮುಷ್ಟಿಯಲ್ಲಿದ್ದ ಅಕ್ಷತೆಯನ್ನು ಅತ್ತ ಎರಚಿದರು. ಅಕ್ಕಿ ನಮ್ಮ ಅಂಗಳದಲ್ಲೇ ಬಿತ್ತು.

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಡುಮನೆಯಲ್ಲಿ ಮಲಗಿಸಿದ್ದಾಗ ಮಳೆ ಸುರಿಯತೊಡಗಿತು. "ಬೇಗ ಎತ್ತಾಣ, ನೀರ್ ನುಗ್ತದೆ" ಎಂದರು ಯಾರೋ. ಮೈದುನ ಬಾಗಿಲಲ್ಲಿ ನಿಂತು, ಕಾಲುವೆಯತ್ತ ಹರಿದುಹೋಗುವ ನೀರನ್ನು ಬಹಳ ಹೊತ್ತು ನೋಡಿದರು.

"ಅವಸ್ರ ಬ್ಯಾಡ," ಎಂದರು. "ನೀರ್ ಒಳೀಕ್ ಬರಲ್ಲ. ಅತ್ತಿಗೆ ಇನ್ನೊಸಿ ಒತ್ತು ಮನೇಲಿರ್ಲಿ."