ಸನ್ಮಾನದ ಫ್ಲೆಕ್ಸು

ನಮ್ಮ ಓಣಿಯ ಟೈಲರಕ್ಕ ಸಿಟ್ಟು ಬಂದರೆ ಕೂಗಾಡುವವಳಲ್ಲ. ಮಷೀನನ್ನು ಜೋರಾಗಿ ತುಳಿಯುತ್ತಾಳೆ, ಅಷ್ಟೇ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವ ಗಂಡಸರಿಗೆ, "ಉಸಿರು ಬಿಡಿ ಅಣ್ಣಾ, ಅಂಗಿ ಹಾಕ್ಕೊಂಡು ಊಟಾನೂ ಮಾಡ್ಬೇಕಲ್ಲ" ಎನ್ನುತ್ತಾಳೆ. ಬಟ್ಟೆ ಹೊಲಿಯುವುದರ ಜೊತೆಗೆ ಟಾರ್ಪಾಲು, ಫ್ಲೆಕ್ಸುಗಳಿಗೆ ಅಂಚು ಕಟ್ಟುವ ಕೆಲಸವೂ ಅವಳದೇ.

ಚಂಡಮಾರುತ ಅವಳ ಮನೆಯ ತಗಡುಗಳನ್ನೆಲ್ಲ ಕಿತ್ತುಕೊಂಡು ಹೋಯಿತು. ಮೂರನೆಯ ದಿನ ಪರಿಹಾರ ಸಮಿತಿಯ ಲಾರಿ ಬಂತು. ಇಸ್ತ್ರಿ ಮಾಡಿದ ಸೀರೆಯುಡದೆ ಹೊಸಿಲು ದಾಟದ ಅವಳ ಅಮ್ಮ ಅಂದು ಒದ್ದೆ ಲಂಗದ ಮೇಲೆ ಟವಲು ಹೊದ್ದು ಸಾಲಿನಲ್ಲಿ ನಿಂತಿದ್ದಳು. ಸಮಿತಿಯ ಅಧ್ಯಕ್ಷ ಟಾರ್ಪಾಲು ಎತ್ತಿಕೊಂಡ, ಕ್ಯಾಮೆರಾ ಬಂತು.

"ಒಂದ್ನಿಮಿಷ ಸಾರ್, ಸೀರೆ ಸುತ್ಕೊಂಡು ಬರ್ತೀನಿ."

"ಹೀಗೇ ಚೆನ್ನಾಗಿದೆ ಅಜ್ಜಿ. ಸ್ವಲ್ಪ ಅಳಿ ನೋಡೋಣ."

ಆ ಪುಣ್ಯಾತ್ಮ ಮುದುಕಿಯ ಭುಜ ಹಿಡಿದುಕೊಂಡು, ಫೋಟೋ ಸರಿಯಾಗಿ ಬರುವವರೆಗೂ ಟಾರ್ಪಾಲು ಕೈಬಿಡಲಿಲ್ಲ. ಮಾರನೆಯ ದಿನ ಎಲ್ಲರ ಮೊಬೈಲಿನಲ್ಲೂ ಅದೇ ಫೋಟೋ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ನಲ್ಲಿಯ ಹತ್ತಿರವೂ ಹೋಗಲಿಲ್ಲ, ಮಗಳ ಜೊತೆಯೂ ಮಾತಾಡಲಿಲ್ಲ.

ಮೂರು ವಾರಕ್ಕೆ ಸಮಿತಿ ತನಗೆ ತಾನೇ ಸನ್ಮಾನ ಇಟ್ಟುಕೊಂಡಿತು. ಫ್ಲೆಕ್ಸು ಅಂಚು ಕಟ್ಟಲು ಬಂದದ್ದು ಟೈಲರಕ್ಕನಿಗೇ. ಅಧ್ಯಕ್ಷ ರಿಬ್ಬನ್ ಎಳೆದೊಡನೆ ಬಿಚ್ಚಿಕೊಳ್ಳುವಂತೆ ಸುರುಳಿ ಸುತ್ತಿ ಕೊಡಬೇಕಿತ್ತು. ಅವಳು ಹಾಸಿ ನೋಡಿದಳು: ಅಮ್ಮ, ಆಳೆತ್ತರ, ಅದೇ ಒದ್ದೆ ಲಂಗ. ನಾನಾಗಿದ್ದರೆ ಅಲ್ಲೇ ಬೆಂಕಿ ಹಚ್ಚುತ್ತಿದ್ದೆ. ಅವಳು ತಲೆಯಿಂದ ಕಾಲಿನವರೆಗೆ ಅಮ್ಮನನ್ನಷ್ಟೇ ಕತ್ತರಿಸಿ ತೆಗೆದಳು. ತೂತು ಹರಿಯದಂತೆ ಸುತ್ತಲೂ ಹೊಲಿಗೆ ಹಾಕಿದಳು. "ಕೆಲಸ ಅಂದ್ಮೇಲೆ ನೀಟಾಗಿರ್ಬೇಕು" ಎಂದಳು. ಆಮೇಲೆ ಸುತ್ತಿ ಕಳಿಸಿದಳು.

ಸಭೆ ತುಂಬಿತ್ತು. ಅಧ್ಯಕ್ಷ ರಿಬ್ಬನ್ ಎಳೆದ. ಫ್ಲೆಕ್ಸಿನಲ್ಲಿ ಅವನು ಹಲ್ಲು ಕಿರಿಯುತ್ತಾ ಒಂದು ತೂತಿಗೆ ಟಾರ್ಪಾಲು ದಾನ ಮಾಡುತ್ತಿದ್ದ. ತೂತಿನಾಚೆ ಸಮಿತಿಯವನೊಬ್ಬ ಚಹಾ ಕುಡಿಯುತ್ತಿದ್ದವನು ಲೋಟ ಬಾಯಿಗಿಟ್ಟುಕೊಂಡೇ ನಿಂತುಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಹೊಟ್ಟೆ ತಣ್ಣಗಾಗುವಷ್ಟು.

"ಯಾರು ಮಾಡಿದ್ದಿದು?"

ಟೈಲರಕ್ಕ ಎದ್ದು ನಿಂತಳು. "ನಾನೇ. ನಮ್ಮಮ್ಮನ್ನ ಮನೆಗೆ ಕರ್ಕೊಂಡು ಹೋದೆ."

"ತಗಡು ಕೊಡೋ ಪಟ್ಟಿಯಿಂದ ನಿನ್ನ ಹೆಸರು ಹೊಡೆದು ಹಾಕ್ತೀನಿ!"

"ಹಾಕಿ. ನೀವು ಮಾತ್ರ ಹಾಗೇ ಕೈ ಚಾಚ್ಕೊಂಡು ನಿಂತಿರಿ, ಜನ ನೋಡ್ಲಿ."

ಅವನು ನಿಜಕ್ಕೂ ಹೊಡೆದು ಹಾಕಿದ. ತಾಯಿ-ಮಗಳ ತಲೆಯ ಮೇಲೆ ಇವತ್ತಿಗೂ ಟಾರ್ಪಾಲೇ.

ಅಂದು ಸಂಜೆ ಅವಳು ಕತ್ತರಿಸಿದ ತುಂಡನ್ನು ತಂದು ಅಮ್ಮನ ಮುಂದೆ ಹಾಸಿದಳು. ಅಮ್ಮ ಎದ್ದು ಕೂತು ಬಹಳ ಹೊತ್ತು ನೋಡಿದಳು. ಚಿತ್ರದ ಭುಜದ ಮೇಲೆ ಅಧ್ಯಕ್ಷನ ನಾಲ್ಕು ಬೆರಳು ಹಾಗೇ ಅಂಟಿಕೊಂಡು ಬಂದಿದ್ದವು.

"ಕತ್ತರಿ ಕೊಡೇ" ಎಂದಳು ಅಮ್ಮ. ಮೂರು ವಾರದಲ್ಲಿ ಆಡಿದ ಮೊದಲ ಮಾತು.

ಕೊಟ್ಟಳು. ಅಮ್ಮ ಬೆರಳುಗಳನ್ನು ಒಂದೊಂದಾಗಿ ಕತ್ತರಿಸಿದಳು.