ಎಲುಬಿಗೂ ಒಂದು ‘ರೀ’

ಮೊನ್ನೆ ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆಯ ಸರ್ಟಿಫಿಕೇಟು ಹುಡುಕುತ್ತಿದ್ದೆ. ಅದು ಕಳೆದೇ ಹೋಯಿತೆಂದು ವಾರದಿಂದ ನಿದ್ದೆಗೆಟ್ಟಿದ್ದೆ. ಎಲ್ಲದಕ್ಕಿಂತ ಮೇಲೇ ಇತ್ತು. ಅದರ ಕೆಳಗೆ, ಇಳಕಲ್ ಸೀರೆಯ ತುಂಡಿನಲ್ಲಿ ಹೊಲಿದ ಚೀಲ. ಬಿಚ್ಚಿದೆ. ಪುಡಿಯಾದ ಬೇವಿನೆಲೆಯ ಕಹಿ ವಾಸನೆ... ಆಯಿ!

ಆಯಿ ಎಂದರೆ ರಾಯಚೂರಿನಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಮಾಲಕಿ. ದೇವದುರ್ಗದ ಕಡೆಯ ಮಸರಕಲ್ಲಿನಲ್ಲಿ ಕನ್ನಡ ಮೀಡಿಯಂ ಓದಿ ಮೆಡಿಕಲ್ ಸೇರಿದವನು ನಾನು. ಮೊದಲ ವರ್ಷದ ಅನಾಟಮಿ ವೈವಾದಲ್ಲಿ, ಅಂದರೆ ಬಾಯಿಪರೀಕ್ಷೆಯಲ್ಲಿ, ಫೇಲಾದೆ. ಉತ್ತರ ಗೊತ್ತಿತ್ತು, ದನಿಯೇ ಹೊರಡಲಿಲ್ಲ. ಇನ್ನೊಮ್ಮೆ ಬಿದ್ದರೆ ಜೊತೆಯವರೆಲ್ಲ ಮುಂದೆ ಹೋಗುತ್ತಾರೆ, ನಾನು ಅಲ್ಲೇ. ಹೆದರುವುದೊಂದರಲ್ಲಿ ನನಗೆ ಆಗಲೇ ರ್‍ಯಾಂಕ್ ಬರಬೇಕಿತ್ತು. ಆದರೂ ಈ ಸಲ ಬೀಳುವುದಿಲ್ಲ ಎಂದು ಹಟ ಹಿಡಿದೆ.

ದಿನಾ ಸಂಜೆ ಆಯಿಯನ್ನೇ ಪರೀಕ್ಷಕರೆಂದುಕೊಂಡು ಕುರ್ಚಿಯಲ್ಲಿ ಕೂಡಿಸಿ, ಓದಲೆಂದು ತಂದಿಟ್ಟುಕೊಂಡಿದ್ದ ಮನುಷ್ಯರ ಎಲುಬುಗಳಲ್ಲಿ ಒಂದೊಂದನ್ನೇ ಹಿಡಿದು ಒಪ್ಪಿಸತೊಡಗಿದೆ.

“ದಿಸ್ ಈಸ್ ಫೀಮರ್.”

“ಏನಂದಿ?”

“ತೊಡಿ ಎಲಬು, ಆಯಿ.”

“ಯಾರೋ ಹಿರೇರದು ಇದ್ದೀತಲೇ. ಸತ್ತ ಮ್ಯಾಲೂ ನಿನ್ನ ಜೋಡಿ ಪರೀಕ್ಷಾಕ್ಕ ಬರಾಕತ್ತಾರ. ಮರ್ಯಾದಿ ಬ್ಯಾಡೇನು? ರೀ ಹಚ್ಚು.”

“ಫೀಮರ್ ರೀ,” ಅಂದೆ.

“ಹಾಂ, ಈಗ ಮನಷಾ ಆದಿ ನೋಡು.”

ಮರುದಿನವೇ ತನ್ನ ಹಳೆಯ ಸೀರೆ ಹರಿದು ಎಲುಬುಗಳಿಗೆಂದು ಚೀಲ ಹೊಲಿದಳು. ಅವರನ್ನು ಬರಿಮೈಯಲ್ಲಿ ಇಡಬಾರದಂತೆ. ಹುಳ ಬೀಳದಿರಲೆಂದು ಬೇವಿನೆಲೆ ಹಾಕಿದಳು.

ವೈವಾದ ದಿನ, ದಕ್ಷಿಣದ ಕಡೆಯಿಂದ ಬಂದಿದ್ದ ಪರೀಕ್ಷಕರು ಒಂದು ಎಲುಬು ಕೈಗಿತ್ತರು. ರೂಢಿಬಿದ್ದ ನಾಲಿಗೆ ತಾನೇ ಹೊರಳಿತು: “ಕ್ಲಾವಿಕಲ್ ರೀ.”

“ಏನಪ್ಪಾ, ರೀ ಹಾಕಿ ನನಗೆ ಬೆಣ್ಣೆ ಹಚ್ತಿದ್ದೀಯಾ?”

“ನಿಮಗಲ್ರೀ ಸರ್... ಎಲಬಿಗ್ರೀ.”

ಮುಗಿಯಿತು, ಮಸರಕಲ್ಲಿನ ಬಸ್ಸೇ ಗತಿ ಅಂದುಕೊಂಡೆ. ಅವರು ನಗಲಿಲ್ಲ. ನನ್ನ ಕೈಯಿಂದ ಎಲುಬು ತೆಗೆದುಕೊಂಡು, ಮೆಲ್ಲಗೆ ಮೇಜಿನ ಮೇಲಿಟ್ಟು, “ಯಾವ ಬದಿಯದು? ಹೇಗೆ ಗುರುತಿಸ್ತೀಯ?” ಅಂದರು. ಹೇಳಿದೆ. ಪ್ರತಿ ಉತ್ತರಕ್ಕೂ ರೀ ಬಂತು. ದನಿ ಮಾತ್ರ ನಡುಗಲಿಲ್ಲ.

ಪಾಸಾದ ಸುದ್ದಿ ತಂದಾಗ ಆಯಿ ಚೀಲದ ಕಡೆ ಕೈ ತೋರಿಸಿದಳು. “ಮೊದಲ ಅವರಿಗೆ ಹೇಳು ಹೋಗು. ನೀ ಒಬ್ಬನ ಪಾಸಾಗಿ ಏನು?”

ಆಮೇಲೆ ಎಲುಬುಗಳನ್ನು ಜೂನಿಯರ್ ಒಬ್ಬನಿಗೆ ಕೊಟ್ಟೆ, ಚೀಲ ಇಟ್ಟುಕೊಂಡೆ. ಮಾನ್ವಿಯಲ್ಲಿ ದವಾಖಾನೆ ತೆರೆದೆ. ಆಯಿ ಹೋಗಿ ಈಗ ಎಷ್ಟೋ ವರ್ಷ... ಸಿರವಾರದ ಅವಳ ತವರಿನ ಹೊಲದಲ್ಲಿ ಮಣ್ಣು ಮಾಡಿದಾಗ ನಾನೂ ಒಂದು ಹಿಡಿ ಹಾಕಿದೆ. ಅವಳನ್ನು ಯಾವತ್ತೂ ‘ನೀ’, ‘ಬಾ’ ಅಂತಲೇ ಕರೆದವನು, ಅವತ್ತು “ಹೋಗಿ ಬರ್ರಿ, ಆಯಿ” ಅಂದೆ. ಕೇಳಿಸಿದ್ದರೆ, “ನನಗ್ಯಾಕಲೇ ರೀ?” ಎಂದು ಬೈಯುತ್ತಿದ್ದಳು.

ಚೀಲಕ್ಕೆ ಹಿತ್ತಲ ಬೇವಿನ ಹೊಸ ಎಲೆ ಹಾಕಿ, ಬಾಯಿ ಕಟ್ಟಿ ಟ್ರಂಕಿನಲ್ಲಿಟ್ಟೆ. ಒಳಗೆ ಬೇರೇನೂ ಇಲ್ಲ.